ಮಣಿಸರ ತೆಗೆಸುವ ಮೊದಲು

ಕುಮಟಾದಿಂದ ಪತ್ರ ಬರೆದ ನರ್ಸಿಂಗ್ ವಿದ್ಯಾರ್ಥಿನಿಗೆ ನಮಸ್ಕಾರ.

ನೀವು ಕೇಳಿದ್ದು ಇಷ್ಟು: ಮನುಷ್ಯನ ಘನತೆ ಅಂತ ಕ್ಲಾಸಿನಲ್ಲಿ ಓದುತ್ತೇವೆ, ಪರೀಕ್ಷೆಯಲ್ಲಿ ಬರೆಯುತ್ತೇವೆ, ವಾರ್ಡಿಗೆ ಹೋದರೆ ಎಲ್ಲರನ್ನೂ ಬೆಡ್ ನಂಬರಿನಿಂದಲೇ ಕರೆಯುತ್ತಾರೆ, ನಾವು ಯಾವುದನ್ನು ಕಲಿಯಬೇಕು?

ಪಾಠ ಬೇಡ ಅನ್ನಲ್ಲ. ಅಂತರರಾಷ್ಟ್ರೀಯ ದಾದಿಯರ ಮಂಡಳಿ 1953ರಲ್ಲೇ ನೀತಿಸಂಹಿತೆ ತಂದಿದೆ. ನಮ್ಮ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ, ಗಂಡಸು ಡಾಕ್ಟರು ಹೆಣ್ಣುಮಕ್ಕಳನ್ನು ಪರೀಕ್ಷಿಸುವಾಗ ಇನ್ನೊಬ್ಬ ಹೆಂಗಸು ಜೊತೆಗಿರಬೇಕು ಅಂತಿದೆ. ಆ ಇನ್ನೊಬ್ಬ ಹೆಂಗಸು ಎಷ್ಟೋ ಸಲ ನೀವೇ ಅಲ್ವಾ? ಗೋಡೆಗೆ ಒರಗಿ ನಿಂತರೂ ನಿಯಮ ಪಾಲಿಸಿದ ಹಾಗಾಯಿತು. ಆದರೆ ಸ್ಕ್ರೀನ್ ಪೂರ್ತಿ ಎಳೆದು, ಬೇಕಾದಷ್ಟೇ ಬಟ್ಟೆ ಸರಿಸಿ, ಆಕೆಯ ತಲೆಯ ಹತ್ತಿರ ನಿಂತವಳೇ ನಿಜವಾಗಿ ಜೊತೆಗಿದ್ದವಳು.

ನಮ್ಮ ಜಿಲ್ಲೆಯದೇ ಒಂದು ಮಾತು ಹೇಳುತ್ತೇನೆ. ಅಂಕೋಲಾ ಕಡೆಯ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರು ಎದೆಯ ಎಕ್ಸ್‌ರೇಗೆ ಬರುತ್ತಾರೆ ಅಂದುಕೊಳ್ಳಿ. ಕುತ್ತಿಗೆ ತುಂಬ ಮಣಿಸರ, ರವಿಕೆ ಇಲ್ಲ, ಸೀರೆ ಕಟ್ಟುವ ರೀತಿಯೇ ಹಾಗೆ. ಸರ ತೆಗೆಯಲೇಬೇಕು, ಇಲ್ಲದಿದ್ದರೆ ಫಿಲ್ಮಿನಲ್ಲಿ ಮಣಿಯೇ ಕಾಣುತ್ತದೆ. "ಇದೆಲ್ಲ ಬಿಚ್ಚಿ ಬೇಗ" ಅಂದರೂ ಕೆಲಸ ಆಗುತ್ತದೆ. "ಅಜ್ಜಿ, ಫೋಟೋದಲ್ಲಿ ಎದೆ ಸರಿಯಾಗಿ ಕಾಣಬೇಕು, ಸರ ತೆಗೀಲಾ? ನಿಮ್ಮ ಕಣ್ಣೆದುರೇ ಇಟ್ಟಿರ್ತೇನೆ" ಅಂದರೂ ಆಗುತ್ತದೆ. ಎರಡನೆಯದಕ್ಕೆ ಅರ್ಧ ನಿಮಿಷ ಜಾಸ್ತಿ ಬೇಕು. ಪಕ್ಕದಲ್ಲಿ ಯಾರಾದರೂ ಕಿಸಕ್ಕನೆ ನಕ್ಕರೆ ಮಾತ್ರ ಆ ಅರ್ಧ ನಿಮಿಷವೂ ವ್ಯರ್ಥ.

ಸೀನಿಯರನ್ನು ತಿದ್ದುವುದು ನಿಮ್ಮ ಕೈಲಿ ಆಗಲಿಕ್ಕಿಲ್ಲ. ಡ್ಯೂಟಿ ಒಪ್ಪಿಸುವಾಗ ಬೆಡ್ ನಂಬರಿನ ಜೊತೆ ಹೆಸರನ್ನೂ ಹೇಳಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಕಾರವಾರದಲ್ಲಿ ಪೋಸ್ಟಿಂಗ್ ಬಿದ್ದರೆ ಕೊಂಕಣಿಯಲ್ಲಿ "ಖಂಯ್ ದುಖ್ತಾ?" ಅಂತ ಕೇಳುವಷ್ಟಾದರೂ ಕಲಿಯಿರಿ. ಎಲ್ಲಿ ನೋಯುತ್ತಿದೆ ಅಂತ ತನ್ನ ಮಾತಿನಲ್ಲೇ ಹೇಳಲು ಸಿಕ್ಕರೆ ಮುದುಕರು ಎಷ್ಟೋ ಹಗುರಾಗುತ್ತಾರೆ.

ಇನ್ನೊಂದು. ರೋಗಿಗಳ ಎದುರೇ ನಿಮ್ಮನ್ನು ಬೈಯುತ್ತಾರೆ ಅಂತ ಪತ್ರದ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀರಿ. ನನಗೆ ಅದೇ ದೊಡ್ಡದಾಗಿ ಕಂಡಿತು. ಹದಿನೆಂಟು-ಇಪ್ಪತ್ತರ ಹುಡುಗಿಯನ್ನು ಹತ್ತು ಜನರ ಮುಂದೆ ಅಳಿಸಿ, ಆಮೇಲೆ ಅವಳಿಗೆ ಘನತೆಯ ಪಾಠ ಹೇಳುವುದು ಯಾವ ನ್ಯಾಯ? ಕಲಿಸುವವರು ಇದನ್ನು ಓದಲಿ ಅಂತಲೇ ನಿಮ್ಮ ಪತ್ರವನ್ನು ಪೂರ್ತಿ ಹಾಕಿದ್ದೇವೆ. ಹೆಸರು, ಕಾಲೇಜು ಎರಡನ್ನೂ ಬಿಟ್ಟಿದ್ದೇವೆ.

— ಸಂ.