ಪೂರ್ತಿ ಸ್ಕ್ರೀನ್ ತುಂಬುವ ಟರ್ಮಿನಲ್ ಪ್ರೋಗ್ರಾಂ ಬರೆಯಲು ಎಲ್ಲಿಂದ ಶುರು ಮಾಡಬೇಕು?

ನೀವು ಕೇಳಿರುವುದು ಎರಡು ವಿಷಯ. ಸಾಲು ಸಾಲಾಗಿ ಪ್ರಿಂಟ್ ಮಾಡುವ ನಿಮ್ಮ ಪೈಥಾನ್ ಸ್ಕ್ರಿಪ್ಟನ್ನು ವಿಮ್ (ಟೆಕ್ಸ್ಟ್ ಎಡಿಟರ್), ಎಚ್‌ಟಾಪ್ (ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೋರಿಸುವುದು) ಥರ ಪೂರ್ತಿ ಸ್ಕ್ರೀನಿನದು ಮಾಡಬೇಕು, ಯಾವ ಲೈಬ್ರರಿ ಒಳ್ಳೆಯದು ಅಂತ ಒಂದು. ಪ್ರೋಗ್ರಾಂ ಮಧ್ಯದಲ್ಲಿ ಕ್ರ್ಯಾಶ್ ಆದರೆ ಟರ್ಮಿನಲ್ಲೇ, ಅಂದರೆ ಕಮಾಂಡ್ ಟೈಪ್ ಮಾಡುವ ವಿಂಡೋನೇ, ಕೆಟ್ಟು ಕೂರುತ್ತದೆ, ಯಾಕೆ ಅಂತ ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಅದು ಗೊತ್ತಾದರೆ ಲೈಬ್ರರಿ ಆರಿಸುವುದು ದೊಡ್ಡ ವಿಷಯವೇ ಅಲ್ಲ.

ಮಾಮೂಲಿಯಾಗಿ ನೀವು ಎಂಟರ್ ಒತ್ತುವ ತನಕ ಟೈಪ್ ಮಾಡಿದ್ದು ಪ್ರೋಗ್ರಾಂಗೆ ಸಿಗುವುದೇ ಇಲ್ಲ. ಆಪರೇಟಿಂಗ್ ಸಿಸ್ಟಂ ಇಡೀ ಸಾಲನ್ನು ಹಿಡಿದಿಟ್ಟುಕೊಂಡು, ಒತ್ತಿದ ಅಕ್ಷರವನ್ನು ತಾನೇ ತೋರಿಸುತ್ತಿರುತ್ತದೆ. ಫುಲ್ ಸ್ಕ್ರೀನ್ ಪ್ರೋಗ್ರಾಂ ಇದನ್ನೆಲ್ಲ ಆಫ್ ಮಾಡುತ್ತದೆ. ಜೊತೆಗೆ ಎಸ್ಕೇಪ್ ಅಕ್ಷರದಿಂದ, ಅಂದರೆ 27ನೇ ನಂಬರಿನ ಬೈಟಿನಿಂದ, ಶುರುವಾಗುವ ಸಂಕೇತಗಳನ್ನು ಕಳಿಸಿ ಟರ್ಮಿನಲ್ಲನ್ನು ಬದಲಿ ಸ್ಕ್ರೀನಿಗೆ ಒಯ್ಯುತ್ತದೆ, ಕರ್ಸರ್ ಅಡಗಿಸುತ್ತದೆ. ವಿಮ್ ಮುಚ್ಚಿದಾಗ ಹಳೆಯ ಸಾಲುಗಳು ಹಾಗೇ ವಾಪಸ್ ಬರುತ್ತವಲ್ಲ, ಅದು ಈ ಬದಲಿ ಸ್ಕ್ರೀನಿನ ಕೆಲಸ. ಈ ಬದಲಾವಣೆಗಳೆಲ್ಲ ಇರುವುದು ಟರ್ಮಿನಲ್ ಕಡೆ, ನಿಮ್ಮ ಪ್ರೋಗ್ರಾಂ ಒಳಗಲ್ಲ. ಪ್ರೋಗ್ರಾಂ ಸತ್ತರೂ ಅವು ಉಳಿಯುತ್ತವೆ.

ನನ್ನ ಮೊದಲ ಪ್ರಯತ್ನದಲ್ಲಿ ದೂರದ ಸರ್ವರ್ ಮೇಲೆ ಹೀಗೇ ಆಯಿತು. ಎರರ್ ಸಾಲುಗಳು ಮೆಟ್ಟಿಲಿನ ಹಾಗೆ ಬಲಕ್ಕೆ ಜಾರುತ್ತಾ ಹೋದವು. ಏನು ಒತ್ತಿದರೂ ಕಾಣಿಸುತ್ತಿರಲಿಲ್ಲ. ಕನೆಕ್ಷನ್ನೇ ಹೋಯಿತು ಅಂತ ವಿಂಡೋ ಮುಚ್ಚಿಬಿಟ್ಟೆ. ಅಷ್ಟೆಲ್ಲ ಬೇಕಿರಲಿಲ್ಲ. ಕಾಣದಿದ್ದರೂ ಪರವಾಗಿಲ್ಲ, ರೀಸೆಟ್ (reset) ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು. ಎಂಟರ್ ಕೆಲಸ ಮಾಡದಿದ್ದರೆ ಕಂಟ್ರೋಲ್-ಜೆ. ಸಾಲು ಮೆಟ್ಟಿಲಾಗುವುದಕ್ಕೂ ಕಾರಣ ಇದೆ. ಆಗ ಕರ್ಸರ್ ಕೆಳಗಿನ ಸಾಲಿಗೆ ಇಳಿಯುತ್ತದೆಯೇ ಹೊರತು ಎಡ ಅಂಚಿಗೆ ಬರುವುದಿಲ್ಲ. ಅದನ್ನು ಎಡಕ್ಕೆ ತರುವ ಸೌಕರ್ಯವೂ ಆಫ್ ಆಗಿರುತ್ತದೆ.

ಸ್ಕ್ರೀನಿನ ಎಲ್ಲಿ ಬೇಕಾದರೂ ಬರೆಯಲು ಬಿಡುವ ಕರ್ಸಸ್ ಅನ್ನುವ ಲೈಬ್ರರಿ ಇದೆ. ಪೈಥಾನಿನ ಕರ್ಸಸ್ ಮಾಡ್ಯೂಲಿನಲ್ಲಿ, ಟರ್ಮಿನಲ್ ಕೆಡದಂತೆ ನೋಡಿಕೊಳ್ಳಲೆಂದೇ ವ್ರ್ಯಾಪರ್ ಅನ್ನುವ ಫಂಕ್ಷನ್ ಇದೆ. ನಿಮ್ಮ ಮುಖ್ಯ ಫಂಕ್ಷನ್ನನ್ನು ಅದರ ಕೈಗೆ ಕೊಡಿ. ಎಕ್ಸೆಪ್ಷನ್ (ಓಡುವಾಗ ಬರುವ ಎರರ್) ಬಂದರೂ ಟರ್ಮಿನಲ್ಲನ್ನು ಮೊದಲಿನ ಹಾಗೆ ಮಾಡಿಯೇ ಹೊರಗೆ ಬರುತ್ತದೆ. ಬೇರೆ ಲೈಬ್ರರಿ ನೋಡುವಾಗಲೂ ನಾನು ಮೊದಲು ಹುಡುಕುವುದು ಇದನ್ನೇ. ಬಣ್ಣ, ಬಾರ್ಡರ್ ಎಲ್ಲ ಆಮೇಲೆ.

ಇನ್ನು ಬರೆಯುವ ರೀತಿ. ಪ್ರಿಂಟ್ ಮಾಡುವ ಅಭ್ಯಾಸ ಬಿಡಬೇಕು. ಡೇಟಾ ಎಲ್ಲ ಒಂದು ಕಡೆ ಇಡಿ: ಪಟ್ಟಿ, ಎಷ್ಟನೇ ಸಾಲು ಆಯ್ಕೆಯಾಗಿದೆ, ಎಷ್ಟು ಸ್ಕ್ರೋಲ್ ಆಗಿದೆ. ಕೀ ಒತ್ತಿದಾಗ ಡೇಟಾ ಮಾತ್ರ ಬದಲಾಗಲಿ. ಆಮೇಲೆ ಇಡೀ ಸ್ಕ್ರೀನನ್ನು ಆ ಡೇಟಾದಿಂದ ಹೊಸದಾಗಿ ಬರೆಯಿರಿ. ಪ್ರತಿ ಸಲ ಇಡೀ ಸ್ಕ್ರೀನ್ ಬರೆದರೆ ನಿಧಾನ ಆಗುವುದಿಲ್ಲವಾ ಅಂತ ಅನ್ನಿಸಬಹುದು. ಆಗುವುದಿಲ್ಲ. ಕರ್ಸಸ್ ಹುಟ್ಟಿದ 1980ರ ಆಸುಪಾಸಿನಲ್ಲಿ 300 ಬಾಡ್ (ಲೈನಿನ ವೇಗದ ಅಳತೆ) ಲೈನ್ ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರ. 80 ಕಾಲಂ, 24 ಸಾಲಿನ ಸ್ಕ್ರೀನ್ ತುಂಬಲು 1,920 ಅಕ್ಷರ ಬೇಕು, ಒಂದು ನಿಮಿಷಕ್ಕೂ ಜಾಸ್ತಿ! ಅದಕ್ಕೇ ಕರ್ಸಸ್ ಹಳೆಯ ಸ್ಕ್ರೀನನ್ನೂ ಹೊಸದನ್ನೂ ಹೋಲಿಸಿ ಬದಲಾದಷ್ಟನ್ನೇ ಕಳಿಸುತ್ತದೆ. ಒಂದೇ ಎಚ್ಚರಿಕೆ: ಪ್ರತಿ ಸಲ ಕ್ಲಿಯರ್ ಕರೆಯಬೇಡಿ, ಇರೇಸ್ ಕರೆಯಿರಿ. ಕ್ಲಿಯರ್ ಕರೆದರೆ ಹೋಲಿಕೆ ಬಿಟ್ಟು ಎಲ್ಲವನ್ನೂ ಮತ್ತೆ ಕಳಿಸುತ್ತದೆ, ಸ್ಕ್ರೀನ್ ಮಿನುಗುವುದು ಅದರಿಂದಲೇ.

ಡೀಬಗ್ ಮಾಡಲು ಸುಮ್ನೆ ಒಂದು ಫೈಲಿಗೆ ಲಾಗ್ ಬರೆದು, ಇನ್ನೊಂದು ವಿಂಡೋದಲ್ಲಿ ಅದನ್ನು ನೋಡುತ್ತಿರಿ.

ಕನ್ನಡ ತೋರಿಸಬೇಕು ಅಂದರೆ ಸ್ವಲ್ಪ ತಲೆನೋವು ಇದೆ. "ಕನ್ನಡ" ಅನ್ನುವ ಪದವನ್ನೇ ತಗೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಪೈಥಾನಿಗೆ ಉದ್ದ ಕೇಳಿದರೆ 5 ಅನ್ನುತ್ತದೆ, ಒತ್ತಕ್ಷರದ ನಡುವೆ ಅಡಗಿರುವ ಹಲಂತ ಚಿಹ್ನೆಯೂ (್) ಲೆಕ್ಕಕ್ಕೆ ಬರುತ್ತದೆ. ಅಗಲ ಲೆಕ್ಕ ಹಾಕುವ ಲೈಬ್ರರಿ ಆ ಚಿಹ್ನೆಗೆ ಸೊನ್ನೆ ಕೊಟ್ಟು 4 ಚೌಕ (ಸ್ಕ್ರೀನಿನಲ್ಲಿ ಒಂದು ಅಕ್ಷರ ಕೂರುವ ಜಾಗ ಒಂದು ಚೌಕ) ಅನ್ನಬಹುದು. ಟರ್ಮಿನಲ್ ತನ್ನದೇ ಲೆಕ್ಕದಲ್ಲಿ ಇರುತ್ತದೆ. ಲೆಕ್ಕ ತಪ್ಪಿದರೆ ಬಲಗಡೆಯ ಬಾರ್ಡರ್ ಆ ಸಾಲಿನಲ್ಲಿ ಮಾತ್ರ ಸೊಟ್ಟಗಾಗುತ್ತದೆ. ನಾನಂತೂ ಕನ್ನಡ ಬರುವ ಕಾಲಂ ಅನ್ನು ಕೊನೆಗೆ ಇಟ್ಟು, ಅದರ ಬಲಕ್ಕೆ ಗೆರೆ ಎಳೆಯುವುದನ್ನೇ ಬಿಟ್ಟಿದ್ದೇನೆ.

ಲೈಬ್ರರಿ ವಿಷಯ. ಒಂದು ಪಟ್ಟಿ, ನಾಲ್ಕು ಕೀ ಅಷ್ಟೇ ಸಾಕಾದರೆ ಕರ್ಸಸ್. ಆದರೆ ಅದು ವಿಂಡೋಸಿನ ಪೈಥಾನ್ ಜೊತೆ ಬರುವುದಿಲ್ಲ. ಫಾರ್ಮ್, ಟ್ಯಾಬ್, ಮೌಸ್ ಬೇಕಾದರೆ ಟೆಕ್ಸ್ಚುಯಲ್ ಅನ್ನುವ ಪೈಥಾನ್ ಲೈಬ್ರರಿ. ನಾನಾಗಿದ್ದರೆ ನಿಮ್ಮ ಸ್ಕ್ರಿಪ್ಟಿಗೆ ಇದನ್ನೇ ಆರಿಸುತ್ತಿದ್ದೆ. ಮುಂದೆ ಗೋ ಭಾಷೆಗೆ ಹೋದರೆ ಬಬಲ್ ಟೀ, ರಸ್ಟ್‌ಗೆ ಹೋದರೆ ರಾಟಾಟೂಯಿ.

ಆದರೂ ಒಂದು ಸಂಜೆ ಕರ್ಸಸ್‌ನಲ್ಲಿ ಚಿಕ್ಕದೊಂದನ್ನು ಬರೆದು ನೋಡಿ. ಒಂದು ಪಟ್ಟಿ, ಮೇಲೆ ಕೆಳಗೆ ಹೋಗುವ ಬಾಣದ ಕೀ, ಮುಚ್ಚಲು ಇನ್ನೊಂದು ಕೀ. ಆಮೇಲೆ ವಿಂಡೋವನ್ನು ಎಳೆದು ಚಿಕ್ಕದು ಮಾಡಿ. ಬಹುಶಃ ಅಲ್ಲೇ ಕ್ರ್ಯಾಶ್ ಆಗುತ್ತದೆ, ಸ್ಕ್ರೀನಿನ ಆಚೆ ಬರೆಯಲು ಹೋದರೆ ಕರ್ಸಸ್ ಎರರ್ ಕೊಡುತ್ತದೆ. ಬಲಗಡೆ ಕೆಳಗಿನ ಕೊನೇ ಮೂಲೆಯಲ್ಲಿ ಬರೆದರೂ ಅದೇ ಎರರ್, ಅಕ್ಷರ ಸರಿಯಾಗಿ ಕಾಣಿಸಿದ ಮೇಲೂ! ಬರೆದಾದ ಮೇಲೆ ಕರ್ಸರ್ ಮುಂದಕ್ಕೆ ಹೋಗಲು ಅಲ್ಲಿ ಜಾಗ ಇರುವುದಿಲ್ಲ, ಅದಕ್ಕೆ. ಅದೊಂದನ್ನು ಹಿಡಿಯಲು ನನಗೆ ಅರ್ಧ ದಿನ ಹೋಗಿತ್ತು.