ಅಜ್ಜಿಯ ಕೈಗುಣವನ್ನು ಬರೆದಿಡಬಹುದೇ?

ಪ್ರಿಯ ಓದುಗರೇ,

ಎಂಬತ್ತು ದಾಟಿದ ನಿಮ್ಮ ಅಜ್ಜಿ ಮನೆಮಂದಿಗೆಲ್ಲ ಮಾಡಿಕೊಡುತ್ತಿದ್ದ ಒಣದ್ರಾಕ್ಷಿ ಕೇಕನ್ನು ಈಗ ಕೈ ನಡುಗುವುದರಿಂದ ಅಪರೂಪಕ್ಕಷ್ಟೇ ಮಾಡುತ್ತಾರೆಂದೂ, ಅವರು ಹೇಳಿದಂತೆಯೇ ನೀವು ಎರಡು ಸಲ ಮಾಡಿದಾಗ ಅದು ಒಮ್ಮೆ ಗಟ್ಟಿಯಾಗಿ, ಇನ್ನೊಮ್ಮೆ ನಡುವೆ ಕುಸಿದು ಬಂತೆಂದೂ ಬರೆದಿದ್ದೀರಿ. ಅಳತೆ ಕೇಳಿದರೆ ಅವರು ‘ಹಿಟ್ಟು ಹಿಡಿಸುವಷ್ಟು, ಹಾಲು ಹದಕ್ಕೆ ಬರುವಷ್ಟು’ ಎನ್ನುತ್ತಾರಂತೆ. ‘ಇದೆಲ್ಲ ಅವರ ಕೈಗುಣ, ಅವರೊಂದಿಗೇ ಹೋಗಿಬಿಡುತ್ತದೆಯೇ?’ ಎಂದು ಕೇಳಿದ್ದೀರಿ. ಅವರು ಕಳೆದ ತಿಂಗಳು ಮಾಡಿದ ಕೇಕಿನ ಒಂದು ತುಂಡನ್ನು ಫ್ರೀಜರಿನಲ್ಲಿ ಇಟ್ಟಿರುವುದಾಗಿ ತಿಳಿಸಿ, ಅದನ್ನು ಎಷ್ಟು ಕಾಲ ಇಡಬಹುದೆಂದೂ ವಿಚಾರಿಸಿದ್ದೀರಿ.

ಕೈಗುಣವನ್ನು ನಾನೂ ನಂಬುತ್ತೇನೆ. ಆದರೆ ಅದರ ಬಹುಪಾಲು ಕಣ್ಣಿಗೆ ಕಾಣುವಂಥದ್ದು, ತೂಗಿ ನೋಡಬಹುದಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೇಳಿದರೆ ಅದು ಸಿಗುವುದಿಲ್ಲ, ಏಕೆಂದರೆ ಅರವತ್ತು ವರ್ಷ ಮಾಡಿದ ಕೆಲಸ ಬಾಯಿಗೆ ಬರುವ ಮೊದಲೇ ಕೈಗೆ ಬಂದಿರುತ್ತದೆ. ಪಕ್ಕದಲ್ಲಿ ನಿಂತು ನೋಡಿದರೆ ಮಾತ್ರ ಸಿಗುತ್ತದೆ.

ಅವರು ಮುಂದಿನ ಸಲ ಕೇಕ್ ಮಾಡುವಾಗ ಅಡುಗೆಮನೆಯ ತಕ್ಕಡಿಯೊಂದನ್ನು ಸಿದ್ಧವಾಗಿಡಿ, ಆದರೆ ಅಳೆದು ಹಾಕಿರೆಂದು ಅವರಿಗೆ ಹೇಳಬೇಡಿ. ಕಪ್ಪನ್ನು ಕೈಗೆ ಕೊಟ್ಟ ಕೂಡಲೇ ಅವರ ಗಮನವೆಲ್ಲ ಕಪ್ಪಿನ ಮೇಲೆ ಹೋಗಿ, ಕೈಯ ಅಂದಾಜು ಹಿಂದೆ ಸರಿಯುತ್ತದೆ. ಅದರ ಬದಲು ಹಿಟ್ಟಿನ ಡಬ್ಬಿ, ಸಕ್ಕರೆಯ ಡಬ್ಬಿ, ಬೆಣ್ಣೆಯ ಬಟ್ಟಲು, ಹಾಲಿನ ಪಾತ್ರೆ ಇವುಗಳನ್ನು ಅವರು ಮುಟ್ಟುವ ಮೊದಲು ಒಮ್ಮೆ, ಕೆಲಸ ಮುಗಿದ ಮೇಲೆ ಇನ್ನೊಮ್ಮೆ ತೂಗಿ. ಕಡಿಮೆಯಾದ ತೂಕವೇ ಅವರ ಅಳತೆ. ಕಪ್ಪಿನ ಲೆಕ್ಕಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಅದೇ ಒಂದು ಕಪ್ ಮೈದಾ, ಚಮಚದಿಂದ ಹಗುರಾಗಿ ತುಂಬಿದರೆ ಸುಮಾರು 120 ಗ್ರಾಂ, ಒತ್ತಿ ತುಂಬಿದರೆ 150 ಗ್ರಾಂ ದಾಟುವುದೂ ಉಂಟು. ನಿಮ್ಮ ಮೊದಲ ಕೇಕು ಗಟ್ಟಿಯಾದದ್ದಕ್ಕೆ ಇದೇ ಕಾರಣವಿರಬಹುದು. ಮೊಟ್ಟೆಯನ್ನೂ ಒಡೆದು ತೂಗಿ, ಏಕೆಂದರೆ ಎಲ್ಲ ಮೊಟ್ಟೆಯೂ ಒಂದೇ ಗಾತ್ರದ್ದಾಗಿರುವುದಿಲ್ಲ. ಸಾಧ್ಯವಾದರೆ ಎರಡು ಮೂರು ಸಲ ಹೀಗೆ ಮಾಡಿ, ಪ್ರತಿಸಲದ ಅಂಕಿಗಳನ್ನೂ ಬೇರೆ ಬೇರೆಯಾಗಿ ಉಳಿಸಿಕೊಳ್ಳಿ. ಅವರು ಎಲ್ಲಿ ಬದಲಾಯಿಸುತ್ತಾರೆ, ಎಲ್ಲಿ ಬದಲಾಯಿಸುವುದೇ ಇಲ್ಲ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಪಾತ್ರೆಗಳನ್ನು ಮರೆಯಬೇಡಿ. ನಮ್ಮ ಅಜ್ಜಿಯ ಬಿಸ್ಕತ್ತಿನ ಅಳತೆಯನ್ನು ನಮ್ಮ ತಾಯಿ ಒಂದು ನೋಟ್‌ಬುಕ್ಕಿನಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು: ‘ಅಂಚು ತಗ್ಗಿದ ಲೋಟದಲ್ಲಿ ಮೂರು ಲೋಟ ಹಿಟ್ಟು.’ ಪುಸ್ತಕ ಇಂದಿಗೂ ನನ್ನ ಬಳಿ ಇದೆ. ಲೋಟ ಮಾತ್ರ ಯಾವಾಗಲೋ ಹಳೆಯ ಪಾತ್ರೆಗಳ ಜೊತೆ ಹೋಗಿಬಿಟ್ಟಿತು. ಆ ಬಿಸ್ಕತ್ತು ಮತ್ತೆ ನಮ್ಮ ಮನೆಯಲ್ಲಿ ಆಗಲಿಲ್ಲ, ಆ ಸಂಕಟ ನನಗೆ ಇನ್ನೂ ಇದೆ. ಹಾಗಾಗಿ ಅಜ್ಜಿ ಬಳಸುವ ಲೋಟ ಯಾವುದೇ ಇರಲಿ, ಅದರ ತುಂಬ ನೀರು ತುಂಬಿ ಆ ನೀರನ್ನು ತೂಗಿ ಬರೆದಿಡಿ. ಕೇಕಿನ ತಟ್ಟೆಯ ಅಗಲವನ್ನೂ ಅಳೆಯಿರಿ. 20 ಸೆಂಟಿಮೀಟರಿನ ದುಂಡು ತಟ್ಟೆಗಿಂತ 23 ಸೆಂಟಿಮೀಟರಿನದು ವಿಸ್ತೀರ್ಣದಲ್ಲಿ ಸುಮಾರು ಮೂರನೆಯ ಒಂದು ಭಾಗ ದೊಡ್ಡದು. ಅದೇ ಹಿಟ್ಟು ಅದರಲ್ಲಿ ತೆಳುವಾಗಿ ಹರಡಿ ಬೇಗ ಒಣಗುತ್ತದೆ. ಒಲೆಯ ಗುಂಡಿ ತೋರಿಸುವ ಅಂಕಿಯನ್ನು ನಂಬಬೇಡಿ, ಒಳಗೆ ಇಡುವ ಥರ್ಮಾಮೀಟರಿನಿಂದ ಅವರ ಓವನ್ನಿನ ನಿಜವಾದ ಶಾಖವನ್ನು ತಿಳಿದುಕೊಳ್ಳಿ.

ನಡುವೆ ಕುಸಿದದ್ದರ ಬಗ್ಗೆ ನನಗೊಂದು ಅನುಮಾನವಿದೆ. ಪತ್ರದಲ್ಲಿ ‘ಒಂದು ಚಮಚ ಸೋಡಾ’ ಎಂದಿದ್ದೀರಿ. ಹಿರಿಯರು ಅಡುಗೆಸೋಡಾವನ್ನೂ ಬೇಕಿಂಗ್ ಪೌಡರನ್ನೂ ಒಂದೇ ಹೆಸರಿನಿಂದ ಕರೆಯುವುದು ಸಾಮಾನ್ಯ, ಆದರೆ ಸೋಡಾದ ಬಲ ಪೌಡರಿನ ಬಲಕ್ಕಿಂತ ಮೂರು ನಾಲ್ಕು ಪಟ್ಟು ಹೆಚ್ಚು. ಮೊಸರು, ಮಜ್ಜಿಗೆಯಂಥ ಹುಳಿ ಪದಾರ್ಥ ಜೊತೆಗಿದ್ದರೆ ಅದು ಕೂಡಲೇ ಅನಿಲ ಬಿಡಲು ತೊಡಗುತ್ತದೆ. ಅನಿಲ ಅತಿಯಾದರೆ ಕೇಕು ಬೇಗ ಏರಿ, ಒಳಭಾಗ ಬೆಂದು ಗಟ್ಟಿಯಾಗುವ ಮೊದಲೇ ಇಳಿದುಬಿಡುತ್ತದೆ. ಅಜ್ಜಿಯನ್ನು ಹೆಸರು ಕೇಳುವುದರ ಬದಲು ಡಬ್ಬಿಯನ್ನೇ ತೋರಿಸಲು ಕೇಳಿ.

ಇನ್ನು ಹದ. ಮೊಬೈಲಿನಲ್ಲಿ ಚಿತ್ರೀಕರಿಸುವಾಗ ಅವರ ಮುಖಕ್ಕಿಂತ ಕೈಗಳನ್ನು ಹಿಡಿಯಿರಿ, ಧ್ವನಿಯೂ ಸ್ಪಷ್ಟವಾಗಿ ಬರಲಿ. ಅವರು ‘ಸಾಕು’ ಎನ್ನುವ ಪ್ರತಿಯೊಂದು ಕ್ಷಣದಲ್ಲಿ ತಡೆದು, ಸಾಕೆಂದು ಹೇಗೆ ಗೊತ್ತಾಯಿತೆಂದು ಕೇಳಿ. ಬೆಣ್ಣೆ ಸಕ್ಕರೆ ತಿರುವುವಾಗ ಹಳದಿ ಹೋಗಿ ಬಿಳುಪು ಬಂತೆಂದು ಹೇಳಬಹುದು, ಹಿಟ್ಟು ಚಮಚದಿಂದ ಹರಿಯದೆ ಮುದ್ದೆಯಾಗಿ ಜಾರಿತೆಂದು ಹೇಳಬಹುದು. ಕೆಲವರು ಕೇಕಿಗೆ ಕಿವಿಗೊಡುವುದೂ ಉಂಟು: ಬೇಯುತ್ತಿರುವ ಹಣ್ಣಿನ ಕೇಕು ಸಣ್ಣಗೆ ಚಿಟಿಗುಡುತ್ತಿರುತ್ತದೆ, ಬೆಂದ ಮೇಲೆ ಆ ಸದ್ದು ಅಡಗುತ್ತದೆ. ಇಂಥದ್ದನ್ನೆಲ್ಲ ಅವರ ಮಾತಿನಲ್ಲೇ ಬರೆದುಕೊಳ್ಳಿ, ನಿಮ್ಮ ಮಾತಿಗೆ ತಿದ್ದಬೇಡಿ.

ಬರೆದದ್ದನ್ನು ಒಳ್ಳೆಯ ಕಾಗದದ ಮೇಲೆ ಪೆನ್ಸಿಲಿನಲ್ಲಿ ಇಳಿಸಿದರೆ ಶಾಯಿಯಂತೆ ಮಾಸುವುದಿಲ್ಲ. ಅವರ ಕೈಬರಹದ ಚೀಟಿಗಳಿದ್ದರೆ ಸ್ಕ್ಯಾನ್ ಮಾಡಿಸಿ ಎರಡು ಮೂರು ಮನೆಗಳಲ್ಲಿ ಪ್ರತಿ ಇಡಿ. ಮೂಲಕ್ಕೆ ಮಾತ್ರ ಲ್ಯಾಮಿನೇಷನ್ ಬೇಡ, ಅದನ್ನು ಮುಂದೆ ಬಿಡಿಸಲಾಗದು. ಆಮೇಲೆ ಈ ಕೇಕನ್ನು ಎಂದೂ ಮಾಡದ ಮನೆಯವರೊಬ್ಬರಿಗೆ ನಿಮ್ಮ ಬರಹ ಕೊಟ್ಟು, ನೀವು ತುಟಿ ಬಿಚ್ಚದೆ ಕುಳಿತುಕೊಳ್ಳಿ. ಅವರು ತಲೆಯೆತ್ತಿ ನಿಮ್ಮನ್ನು ನೋಡುವ ಜಾಗದಲ್ಲೆಲ್ಲ ಬರಹದಲ್ಲಿ ಏನೋ ಬಿಟ್ಟುಹೋಗಿದೆ ಎಂದರ್ಥ.

ಫ್ರೀಜರಿನಲ್ಲಿರುವ ತುಂಡಿನ ವಿಷಯ. ಮೈನಸ್ 18 ಡಿಗ್ರಿಯಲ್ಲಿ ಅದು ಕೆಡುವುದಿಲ್ಲ, ಆದರೆ ತೇವ ನಿಧಾನವಾಗಿ ಹಾರಿಹೋಗುತ್ತಿರುತ್ತದೆ. ಕೆಲವು ತಿಂಗಳು ಕಳೆದರೆ ರುಚಿ ಕುಂದುತ್ತದೆ, ವರ್ಷಗಟ್ಟಲೆ ಇಟ್ಟರೆ ಆಕಾರ ಉಳಿಯಬಹುದೇ ಹೊರತು ಆ ಕೇಕು ಉಳಿಯುವುದಿಲ್ಲ. ಅದನ್ನು ನೆನಪಿನ ವಸ್ತುವಾಗಿ ಇಡಬೇಡಿ ಎಂದೇ ನನ್ನ ಕಳಕಳಿಯ ಸಲಹೆ. ನೀವು ಮೂರನೆಯ ಸಲ ಕೇಕ್ ಮಾಡಿದ ದಿನ ಅದನ್ನು ಹೊರತೆಗೆದು, ಸುತ್ತಿದ ಹಾಳೆಯನ್ನು ಬಿಚ್ಚದೆಯೇ ಕರಗಲು ಬಿಡಿ, ಆಗ ನೀರಹನಿ ಕೇಕಿನ ಮೇಲೆ ಕೂರದೆ ಹಾಳೆಯ ಮೇಲೆ ಕೂರುತ್ತದೆ. ಅವರದೊಂದು ಚೂರು, ನಿಮ್ಮದೊಂದು ಚೂರು ಒಂದೇ ತಟ್ಟೆಯಲ್ಲಿಟ್ಟು ಅಜ್ಜಿಯ ಕೈಗೆ ಕೊಡಿ. ಎರಡಕ್ಕೂ ಏನು ವ್ಯತ್ಯಾಸವೆಂದು ಅವರು ಹೇಳುತ್ತಿರುವಾಗ ನೋಟ್‌ಬುಕ್ಕು ನಿಮ್ಮ ಮಡಿಲಲ್ಲಿ ತೆರೆದಿರಲಿ.

— ಸಂಪಾದಕ