‘ಅಪ್ಪ ಸಿಂಪ್’ ಅಂದ ಮಗನ ಫೋನ್ ಕಿತ್ತುಕೊಳ್ಳಬೇಕಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಥರದವು. ಮಗ ಆಲ್ಫಾ ಅಂತಾನೆ, ಬೀಟಾ ಅಂತಾನೆ, ಏನಿದು ಮೇಡಂ? ನಾನು ಆಪ್ತ ಸಮಾಲೋಚಕಿ, ಗ್ರೀಕ್ ಅಕ್ಷರ ಕಲಿಸುವ ಟೀಚರ್ ಅಲ್ಲ. ಆದರೂ ಒಂದೇ ಸಲ ಹೇಳಿ ಮುಗಿಸುತ್ತೇನೆ, ಮುಂದಿನ ತಿಂಗಳು ಇದನ್ನೇ ಮತ್ತೆ ಕಳಿಸಬೇಡಿ.

ಪ್ರಶ್ನೆ: ರೆಡ್ ಪಿಲ್ ಅನ್ನೋದು ಡ್ರಗ್ಸಾ?

ಅಲ್ಲ. 1999ರ ‘ದಿ ಮೇಟ್ರಿಕ್ಸ್’ ಸಿನಿಮಾದಿಂದ ಎತ್ತಿಕೊಂಡ ಮಾತು, ಅಲ್ಲಿ ಕೆಂಪು ಗುಳಿಗೆ ನುಂಗಿದವನಿಗೆ ನಿಜ ಕಾಣುತ್ತೆ. ಹೆಣ್ಣನ್ನು ಜರಿಯುವ ಆನ್‌ಲೈನ್ ಗುಂಪುಗಳಲ್ಲಿ ಅದನ್ನು ‘ಹೆಂಗಸರ ನಿಜಬಣ್ಣ ತಿಳಿದವನು’ ಅಂತ ಬಳಸುತ್ತಾರೆ. ಆ ಸಿನಿಮಾ ಮಾಡಿದ ಇಬ್ಬರೂ ಈಗ ಟ್ರಾನ್ಸ್ ಮಹಿಳೆಯರು ಅಂತ ನಿಮ್ಮ ಮಗನಿಗೆ ಹೇಳಿ, ಆಮೇಲೆ ಅವನ ಮುಖ ನೋಡಿ.

ಪ್ರಶ್ನೆ: ಮಗ ಫಸ್ಟ್ ಪಿಯುಸಿ. ನನಗೆ ಬ್ಯಾಂಕ್ ಕೆಲಸ, ಎಂಟು ಗಂಟೆಗೆ ಬಸ್ಸು. ಹಾಗಾಗಿ ಬೆಳಗಿನ ತಿಂಡಿ ನಮ್ಮನೆಯವರದ್ದು. ಮೊನ್ನೆ ಇವರು ನನ್ನ ಡಬ್ಬಿ ಕಟ್ಟುತ್ತಿದ್ದಾಗ ಮಗ ‘ಅಪ್ಪಾ, ನೀನು ಪಕ್ಕಾ ಸಿಂಪ್’ ಅಂದ. ಇವರಿಗೆ ಅರ್ಥ ಆಗಲಿಲ್ಲ, ಸುಮ್ನೆ ನಕ್ಕರು. ಆಮೇಲೆ ಹುಡುಕಿ ನೋಡಿ ನನಗೆ ಗಾಬರಿಯಾಯಿತು. ಫೋನ್ ಕಿತ್ತುಕೊಳ್ಳಲಾ? – ಒಬ್ಬ ತಾಯಿ, ಶಿವಮೊಗ್ಗ

ಬೇಡ. ನೀವು ಕಿತ್ತುಕೊಂಡರೆ ಅವನು ಪಕ್ಕದ ಬೆಂಚಿನವನ ಫೋನಿನಲ್ಲಿ ಅದನ್ನೇ ನೋಡುತ್ತಾನೆ, ನಿಮ್ಮ ಮುಂದೆ ಬಾಯಿ ಬಿಡುವುದನ್ನೂ ನಿಲ್ಲಿಸುತ್ತಾನೆ.

ನಮ್ಮ ಕಾಲೇಜು ದಿನಗಳಲ್ಲಿ ಜೊಲ್ಲು ಪಾರ್ಟಿ ಅಂತಿದ್ವಲ್ಲ, ಸಿಂಪ್ ಅದರ ಹತ್ತಿರದ ನೆಂಟ. ಇಂಗ್ಲಿಷಿನಲ್ಲಿ ಪೆದ್ದನಿಗೆ ಸಿಂಪಲ್ಟನ್ ಅನ್ನುತ್ತಾರೆ, ಅದನ್ನು ಮೊಟಕು ಮಾಡಿದ ಹಳೇ ಬೈಗುಳ ಇದು. ಈಚೆಗೆ ಹುಡುಗಿಯರ ಹಿಂದೆ ಬೀಳುವವನಿಗೆ ಅಂಟಿಕೊಂಡಿತು. 2020ರ ಡಿಸೆಂಬರಿನಲ್ಲಿ ಟ್ವಿಚ್ ಅನ್ನೋ ಗೇಮಿಂಗ್ ತಾಣ, ಈ ಪದವನ್ನು ಬೈಗುಳವಾಗಿ ಬಳಸುವಂತಿಲ್ಲ ಅಂತ ನಿಯಮವನ್ನೇ ಮಾಡಿತು. ಪದ ನಿಂತಿತಾ? ನಿಮ್ಮ ಅಡುಗೆಮನೆವರೆಗೂ ಬಂದಿದೆ.

ಆದರೆ ಒಂದು ವ್ಯತ್ಯಾಸ ಇದೆ, ನನಗೆ ಸಿಟ್ಟು ಬರುವುದು ಅಲ್ಲೇ. ಜೊಲ್ಲು ಪಾರ್ಟಿ ಅಂದರೆ ಜೊಲ್ಲು ಸುರಿಸುವವನು ಮಾತ್ರ. ಸಿಂಪ್ ಅನ್ನೋ ಚೀಲಕ್ಕೆ ಹೆಂಡತಿಗೆ ಡಬ್ಬಿ ಕಟ್ಟುವವನು, ಅಕ್ಕನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರುವವನು, ಕ್ಲಾಸಿನ ಹುಡುಗಿಗೆ ನೋಟ್ಸ್ ಕೊಟ್ಟವನು ಎಲ್ಲರನ್ನೂ ತುಂಬುತ್ತಾರೆ. ಹೆಣ್ಣಿಗೆ ಏನೇ ಮಾಡಿದರೂ ನೀನು ಸೋತೆ, ಅವಳು ಗೆದ್ದಳು ಅನ್ನೋ ಲೆಕ್ಕ. ಇದು ಹೊಸದು ಅಂತ ನನ್ನ ಹತ್ತಿರ ಹೇಳಬೇಡಿ. ‘ಹೆಂಡ್ತಿ ಗುಲಾಮ’ ಅನ್ನೋ ಮಾತನ್ನು ನಿಮ್ಮ ಮನೆಯ ಹಬ್ಬದೂಟದಲ್ಲಿ ಯಾವ ಚಿಕ್ಕಪ್ಪ, ಯಾವ ಮಾವ ಅಂದಿದ್ದಾರೆ, ಆಗ ಎಷ್ಟು ಜನ ನಕ್ಕರು, ನೆನಪು ಮಾಡಿಕೊಳ್ಳಿ. ಹುಡುಗ ಅಲ್ಲೇ ಹೋಳಿಗೆ ತಿನ್ನುತ್ತಾ ಕೂತಿದ್ದ.

ಇನ್ನು ಆಲ್ಫಾ, ಬೀಟಾ. ಆಲ್ಫಾ ಅಂದರೆ ಎಲ್ಲರನ್ನೂ ಆಳುವ ಗಂಡು, ಬೀಟಾ ಅಂದರೆ ಅವನಿಗೆ ತಲೆಬಾಗುವವನು. ಇದರ ಬುಡ ತೋಳದ ಕಥೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನುವವರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ, ಕಚ್ಚಾಡಿ ಗೆದ್ದದ್ದೇ ಹಿಂಡಿನ ಯಜಮಾನ ಅಂತ ಬರೆದರು. ಡೇವಿಡ್ ಮೆಕ್ ಅನ್ನೋ ಅಮೆರಿಕದ ವಿಜ್ಞಾನಿ 1970ರ ತಮ್ಮ ಪುಸ್ತಕದಲ್ಲಿ ಆ ಮಾತನ್ನು ಊರಿಗೆಲ್ಲ ಹಬ್ಬಿಸಿದರು. ಆಮೇಲೆ ಅದೇ ಮೆಕ್ ಕೆನಡಾದ ಎಲ್ಸ್‌ಮಿಯರ್ ದ್ವೀಪಕ್ಕೆ ಬೇಸಿಗೆ ಬೇಸಿಗೆ ಹೋಗಿ ಬಯಲಿನ ತೋಳಗಳ ಪಕ್ಕದಲ್ಲೇ ಕೂತು ನೋಡಿದರು. ಹಿಂಡು ಅಂದರೆ ಅಪ್ಪ, ಅಮ್ಮ, ಮರಿಗಳು, ಅಷ್ಟೇ. ಕಚ್ಚಾಡಿ ಗೆದ್ದ ಯಜಮಾನ ಯಾರೂ ಇಲ್ಲ. 1999ರಲ್ಲಿ ಅದನ್ನು ಬರೆದರು, ಹಳೇ ಪುಸ್ತಕ ಇನ್ನು ಅಚ್ಚು ಹಾಕಬೇಡಿ ಅಂತ ಪ್ರಕಾಶಕರ ಹಿಂದೆ ಬಿದ್ದರು, ಕೊನೆಗೆ 2022ರಲ್ಲಿ ಅದು ನಿಂತಿತು. ಹೆಣ್ಣು ತೋಳ ಮರಿ ಹಾಕಿ ಗುಹೆಯಲ್ಲಿದ್ದಾಗ ಬೇಟೆಯಾಡಿ ಊಟ ತಂದುಕೊಡುವುದು ಯಾರು ಗೊತ್ತಾ? ಗಂಡು. ಡಬ್ಬಿ ಕಟ್ಟೋದೇ, ಇನ್ನೇನು!

ಇಷ್ಟನ್ನೂ ಮಗನ ಮುಂದೆ ಭಾಷಣ ಮಾಡಬೇಡಿ ಮತ್ತೆ. ನನ್ನ ಹತ್ತಿರ ಒಬ್ಬ ಹುಡುಗ ಬಂದಿದ್ದ, ಗುರುತು ಸಿಗದ ಹಾಗೆ ಹೇಳುತ್ತೇನೆ. ಹುಡ್ ಹಾಕಿಕೊಂಡು ಗೋಡೆ ನೋಡುತ್ತಾ ಕೂತ. ಅರ್ಧ ಗಂಟೆ ಹೂಂ, ಊಹೂಂ. ನನ್ನ ನೋಟ್‌ಬುಕ್ ಅವನ ಕಡೆ ತಳ್ಳಿ, ಈ ಪದಗಳೆಲ್ಲ ನಂಗೆ ಬರಲ್ಲ, ಬರೆದು ಹೇಳಿಕೊಡಪ್ಪ ಅಂದೆ. ಎರಡು ಪುಟ ಬರೆದ. ಚಾಡ್, ಅಂದರೆ ಹುಡುಗಿಯರೆಲ್ಲ ಮುಗಿಬೀಳುವ ಸುಂದರಾಂಗ, ಯಾರು, ಯಾರ ದವಡೆ ಹೇಗಿದೆ, ಎಲ್ಲ ಚಿತ್ರ ಸಮೇತ. ಮೂರನೇ ಪುಟಕ್ಕೆ ಬಂದಾಗ ಪೆನ್ನು ನಿಂತಿತು. ಅವನು ಕಳಿಸಿದ್ದ ಒಂದು ಮೆಸೇಜಿನ ಸ್ಕ್ರೀನ್‌ಶಾಟ್ ಟ್ಯೂಷನ್ ಗ್ರೂಪಿನಲ್ಲಿ ಓಡಾಡಿತ್ತಂತೆ, ಎಲ್ಲರೂ ನಕ್ಕಿದ್ದರಂತೆ. ಆ ರಾತ್ರಿ ಅವನಿಗೆ ಸಿಕ್ಕಿದ್ದು ಒಂದು ವಿಡಿಯೋ: ನಿಂದೇನೂ ತಪ್ಪಿಲ್ಲ ಬ್ರೋ, ಹುಡುಗಿಯರೇ ಹಾಗೆ.

ಹಾಗಾಗಿ ಕೇಳಿ. ಸಿಂಪ್ ಅಂದ್ರೇನೋ, ನಂಗೂ ಹೇಳು ಅಂತ. ಕೊಂಕು ಬೇಡ, ಮಕ್ಕಳಿಗೆ ತಕ್ಷಣ ಗೊತ್ತಾಗುತ್ತೆ. ಇನ್ನು, ಜವಾಬು ಕೊಡಬೇಕಾದವರು ನೀವಲ್ಲ, ನಿಮ್ಮನೆಯವರು. ‘ಹೌದು ಕಣೋ, ಅವಳಿಗೆ ಎಂಟಕ್ಕೆ ಬಸ್ಸು, ನೀನು ಚಟ್ನಿ ರುಬ್ಬು ಬಾ’ ಅಂದರೆ ಸಾಕು.

ಒಂದು ಕಡೆ ಮಾತ್ರ ನಾನು ತಮಾಷೆ ಮಾಡಲ್ಲ. ಬ್ಲ್ಯಾಕ್ ಪಿಲ್, ‘ಇಟ್ಸ್ ಓವರ್’, ರೋಪ್, ಈ ಮಾತುಗಳು ಬಂದರೆ, ಜೊತೆಗೆ ನಿದ್ದೆ ಊಟ ಕೆಟ್ಟಿದ್ದರೆ, ಕಾಯಬೇಡಿ. ಬ್ಲ್ಯಾಕ್ ಪಿಲ್ ಅಂದರೆ ಆ ಗುಂಪುಗಳಲ್ಲಿ ‘ನನ್ನ ರೂಪಕ್ಕೆ ಯಾರೂ ಸಿಗಲ್ಲ, ಇನ್ನು ದಾರಿಯೇ ಇಲ್ಲ’ ಅನ್ನೋ ಹತಾಶೆ, ರೋಪ್ ಅಂದರೆ ಆತ್ಮಹತ್ಯೆ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಕರೆ ಮಾಡಿ, ಕಾಸಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: 80 ಪರ್ಸೆಂಟ್ ಹುಡುಗಿಯರು 20 ಪರ್ಸೆಂಟ್ ಹುಡುಗರ ಹಿಂದೆ ಹೋಗ್ತಾರೆ, ಸೈಂಟಿಫಿಕ್ ಆಗಿ ಪ್ರೂವ್ ಆಗಿದೆ ಅಲ್ವಾ?

ಇಲ್ಲ. 2009ರಲ್ಲಿ ಓಕೆಕ್ಯುಪಿಡ್ ಅನ್ನೋ ಡೇಟಿಂಗ್ ತಾಣ ತನ್ನ ಲೆಕ್ಕ ಹಾಕಿತು. ಹುಡುಗಿಯರು 80 ಪರ್ಸೆಂಟ್ ಗಂಡಸರ ಫೋಟೋಗೆ ಸಾಧಾರಣಕ್ಕಿಂತ ಕಮ್ಮಿ ಅಂಕ ಕೊಟ್ಟಿದ್ದು ನಿಜ. ಆದರೆ ಮೆಸೇಜ್ ಕಳಿಸುವಾಗ ಅಂಥವರಿಗೇ ಕಳಿಸುತ್ತಿದ್ದರು, ತುಂಬಾ ಚೆಂದದವರ ಮುಂದೆ ಕ್ಯೂ ನಿಂತಿದ್ದು ಗಂಡಸರು. ಅರ್ಧ ಓದಿದವರು ಅರ್ಧ ಹೇಳಿದ್ದಾರೆ, ನೀವು ಹುಡುಗಿ ಸಿಕ್ಕಿಲ್ಲ ಅಂತ ಅದನ್ನು ಹಿಡಿದುಕೊಂಡಿದ್ದೀರಿ. ಯಾವುದಾದರೂ ಮದುವೆ ಮನೆಗೆ ಹೋಗಿ, ಪಂಕ್ತಿಯಲ್ಲಿ ಕೂತ ಗಂಡಂದಿರನ್ನು ಒಂದು ಸುತ್ತು ನೋಡಿ ಬನ್ನಿ.

ಪ್ರಶ್ನೆ: ‘ಹೈ ವ್ಯಾಲ್ಯೂ ಮ್ಯಾನ್’ ಕೋರ್ಸಿಗೆ ಐದು ಸಾವಿರ ಕೇಳ್ತಿದ್ದಾರೆ.

ಸಂತೆಯಲ್ಲಿ ಲೇಹ್ಯ ಮಾರುವವನೂ ಮೊದಲು ನಿಮಗೆ ಬಲ ಇಲ್ಲ ಅಂತ ಹೆದರಿಸಿ ಆಮೇಲೆ ಡಬ್ಬಿ ತೆಗೆಯುತ್ತಾನೆ. ಅವನದ್ದು ಕಡಿಮೆ ರೇಟು.

ಪ್ರಶ್ನೆ: ನಾಲಿಗೆಯನ್ನು ಅಂಗುಳಕ್ಕೆ ಒತ್ತಿದರೆ ದವಡೆ ಶೇಪ್ ಬರುತ್ತಾ?

ಬರಲ್ಲ.

ಪ್ರಶ್ನೆ: ಎಂಟು ವರ್ಷದ ಮಗ ದಿನವಿಡೀ ‘ಸಿಗ್ಮಾ ಸಿಗ್ಮಾ’ ಅಂತಾನೆ.

ಯಾರ ಹಂಗೂ ಇಲ್ಲದ ಒಂಟಿ ಗಂಡು ಅಂತ ಅದರರ್ಥ. ಎರಡು ತಿಂಗಳಲ್ಲಿ ಬೇರೆ ಏನೋ ಅಂತಾನೆ.

ಪ್ರಶ್ನೆ: ಇದೆಲ್ಲ ಫಾರಿನ್ ಹುಚ್ಚು, ನಮ್ಮ ಹುಡುಗರು ಹಾಗಲ್ಲ.

2022ರ ಜನವರಿಯಲ್ಲಿ ಮುಸ್ಲಿಂ ಹೆಣ್ಣುಮಕ್ಕಳ ಫೋಟೋ ಹಾಕಿ ‘ಹರಾಜು’ ಅಂತ ಆ್ಯಪ್ ಮಾಡಿದ್ದ ಬುಲ್ಲಿ ಬಾಯಿ ಪ್ರಕರಣದಲ್ಲಿ ಪೊಲೀಸರು ಬೆಂಗಳೂರಿನಲ್ಲೂ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿಯನ್ನು ಹಿಡಿದಿದ್ದರು. ವಯಸ್ಸು 21.

ಪ್ರಶ್ನೆ: ನೀವು ಹೆಂಗಸು. ಹುಡುಗರ ಕಷ್ಟ ನಿಮಗೇನು ಗೊತ್ತು?

ಗೊತ್ತಿಲ್ಲ, ಅದಕ್ಕೇ ನೋಟ್‌ಬುಕ್ ತಳ್ಳೋದು. ನೀವೂ ಬನ್ನಿ, ಭಾನುವಾರ ಬಿಟ್ಟು.